ದಾಖಲೆ ಕೊಠಡಿಗೆ ಸ್ಕ್ಯಾನ್ ಬರುತ್ತಿಲ್ಲ

ಮಾರ್ಚ್ 3, ಸೋಮವಾರ

ಅರವತ್ತಮೂರು ಫೈಲು ಮುಗಿದಿತ್ತು. ಅರವತ್ತನಾಲ್ಕನೆಯದರ ಪಿನ್ನು ಕಿತ್ತು, ಹಾಳೆ ಸರಿಮಾಡಿ, ಕಾರಿಡಾರಿನ ಕಾಪಿಯರ್‌ಗೆ ಇಟ್ಟು ಗುಂಡಿ ಒತ್ತಿದೆ. ಹಾಳೆಗಳನ್ನು ಸರಸರ ನುಂಗಿತು. ಒಂದು ನಿಮಿಷ ಸುಮ್ಮನಿತ್ತು. ಆಮೇಲೆ ಉದ್ದ ಬೀಪ್. ಪರದೆಯ ಮೇಲೆ — ‘ಸಂಪರ್ಕ ವಿಫಲ’.

ಮತ್ತೆ ಒತ್ತಿದೆ. ಮತ್ತೆ ಅದೇ. ಆರು ಸಲ.

ಶುಕ್ರವಾರ ಸಂಜೆಯವರೆಗೆ ಚೆನ್ನಾಗಿತ್ತು. ಇವತ್ತು ಬಂದು ನೋಡಿದರೆ ಮೇಜಿನ ಮೇಲೆ ಹೊಸ ಕಂಪ್ಯೂಟರ್. ಹಳೆಯದನ್ನು ಹೊತ್ತುಕೊಂಡು ಹೋಗಿದ್ದಾರೆ. ಎಲ್ಲರಿಗೂ ಹೊಸದು ಬಂದಿದೆಯಂತೆ, ಎಲ್ಲರೂ ಖುಷಿ. ಅವರಾರೂ ಸ್ಕ್ಯಾನ್ ಮಾಡುವವರಲ್ಲ. ಪುಣ್ಯಕ್ಕೆ ಆ ಅರವತ್ತಮೂರನ್ನು ಅವತ್ತವತ್ತೇ ಸಮಿತಿಗೆ ಕಳಿಸಿಬಿಟ್ಟಿದ್ದೆ.

ಒಟ್ಟು ನಾನೂರ ಹನ್ನೆರಡು. ಮಗ್ಗದ ಶೆಡ್ಡಿನ ಸದ್ದಿಗೆ ಕಿವಿ ಕಳೆದುಕೊಂಡವರು. ಅವರಿಗೆ ಚಿಕಿತ್ಸೆ, ಕಿವಿಯ ಯಂತ್ರ, ಸದ್ದಿಲ್ಲದ ಕಡೆ ಕೆಲಸ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿದೆ. ಸಮಿತಿ ಕೇಳಿರುವುದು ಇಷ್ಟೇ — ಕೆಲಸಕ್ಕೆ ಸೇರಿದ ದಿನ ಕಿವಿ ಹೇಗಿತ್ತು? ಆ ಮೊದಲ ಟೆಸ್ಟಿನ ವರದಿ ಇರುವುದು ಕಾಗದದಲ್ಲಿ. ಕಾಗದ ಇರುವುದು ಈ ಗಿರಣಿ ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ. ದಾಖಲೆ ಕೊಠಡಿ ಎಂದರೆ ನಾನು. ಮೂವತ್ತೊಂದರ ಸಂಜೆ ಐದರೊಳಗೆ ಸ್ಕ್ಯಾನ್ ಹೋಗದಿದ್ದರೆ ಅರ್ಜಿ ವಜಾ.

ಪೆನ್‌ಡ್ರೈವ್ ಚುಚ್ಚುವ ಜಾಗಗಳನ್ನೆಲ್ಲ ಬಂದ್ ಮಾಡಿದ್ದಾರೆ. ಫೋನಿನಲ್ಲಿ ಫೋಟೋ ತೆಗೆದರೆ ರೋಗಿಗಳ ದಾಖಲೆ ಹೊರಗೆ ಸಾಗಿಸಿದ ಹಾಗೆ. ಕಾಪಿಯರ್‌ನಿಂದ ಇಮೇಲ್ ಹೋಗುವುದು ಮೊದಲಿನಿಂದಲೂ ಇಲ್ಲ. ಕಾಪಿಯರ್‌ನಿಂದ ನನ್ನ ಕಂಪ್ಯೂಟರಿಗೆ, ಅಲ್ಲಿಂದ ಸಮಿತಿಗೆ — ಇರುವ ದಾರಿ ಇದೊಂದೇ.

ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿ ಒಬ್ಬನೇ ಒಬ್ಬ. ಕಂಪ್ಯೂಟರಿನಲ್ಲಿ ದೂರು ದಾಖಲಿಸುವುದಕ್ಕೆ ಟಿಕೆಟ್ ಹಾಕುವುದು ಅನ್ನುತ್ತಾರೆ, ನಾವೆಲ್ಲ ಅವನನ್ನೇ ಟಿಕೆಟ್ ಸಾಹೇಬ ಅನ್ನುತ್ತೇವೆ. ಬೆಂಕಿ ಬಿದ್ದಿದೆ ಎಂದರೂ ಅವನ ಮೊದಲ ಮಾತು — “ಟಿಕೆಟ್ ಹಾಕಿ ಮೇಡಂ.”

ಹಾಕಿದೆ.

ಮಾರ್ಚ್ 4, ಮಂಗಳವಾರ

ಕಾಪಿಯರ್ ಮೆಕ್ಯಾನಿಕ್ ಬಂದ. ಮುಚ್ಚಳ ತೆಗೆದ, ಊದಿದ, ಮುಚ್ಚಿದ. “ಮೆಷಿನ್ ಚೆನ್ನಾಗಿದೆ ಮೇಡಂ. ನೆಟ್‌ವರ್ಕ್ ಪ್ರಾಬ್ಲಂ.”

ಟಿಕೆಟ್ ಸಾಹೇಬನಿಗೆ ಹೇಳಿದೆ. “ನೆಟ್‌ವರ್ಕ್ ಚೆನ್ನಾಗಿದೆ ಮೇಡಂ. ಮೆಷಿನ್ ಪ್ರಾಬ್ಲಂ.”

ಎಲ್ಲವೂ ಚೆನ್ನಾಗಿದೆ. ಸ್ಕ್ಯಾನ್ ಮಾತ್ರ ಆಗುತ್ತಿಲ್ಲ.

ಮಧ್ಯಾಹ್ನ ಆಡಳಿತಾಧಿಕಾರಿ ಕರೆಸಿದರು. ಕೂರಿಸಿದರು! ಅವರು ಇಲ್ಲಿಗೆ ಬಂದ ಹನ್ನೊಂದು ವರ್ಷದಲ್ಲಿ ಇದೇ ಮೊದಲು. ದನಿಯಲ್ಲಿ ಸಕ್ಕರೆ.

“ನೀವ್ಯಾಕಮ್ಮ ಇಷ್ಟು ತಲೆ ಕೆಡಿಸ್ಕೊಳ್ತೀರಿ? ಮೆಷಿನ್ ಕೆಟ್ಟಿದೆ, ಯಾರೇನು ಮಾಡೋಕಾಗುತ್ತೆ? ನೀವು ಪ್ರಯತ್ನಪಟ್ರಿ ಅಂತ ನಾನೇ ಬರ್ದು ಕೊಡ್ತೀನಿ.”

“ಫೈಲುಗಳು ಸರ್?”

“ಏಪ್ರಿಲ್ ಒಂದಕ್ಕೆ ಹೊಸ ಕಟ್ಟಡಕ್ಕೆ ಹೋಗ್ತೀವಲ್ಲ. ಹಳೇ ಕಾಗದ ಹೊತ್ಕೊಂಡು ಹೋಗೋದಿಲ್ಲ. ಕತ್ತರಿಸೋ ಗಾಡಿಗೆ ಹೇಳಿದೀನಿ. ಕಟ್ಟು ಕಟ್ಟಿ ಇಟ್ಬಿಡಿ.”

ಆಗಲಿ ಸರ್ ಎಂದು ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಅರ್ಥವಾಯಿತು. ಅರ್ಜಿಗಳು ಬಿದ್ದುಹೋದರೆ ಗಿರಣಿಗೆ ಖರ್ಚು ಉಳಿಯಿತು; ಈ ಯಂತ್ರ ಕೆಟ್ಟಿದ್ದು ಅವರಿಗೆ ಬಂಪರ್ ಬಹುಮಾನ ಹೊಡೆದ ಹಾಗಾಗಿದೆ.

ಕಟ್ಟು ಕಟ್ಟಲಿಲ್ಲ.

ಮಾರ್ಚ್ 5, ಬುಧವಾರ

ಜೋರುದನಿಯಕ್ಕ ಬಂದಿದ್ದಳು. ಮೂರನೇ ಶೆಡ್ಡಿನ ನೇಕಾರಳು. ತನ್ನ ದನಿ ತನಗೇ ಕೇಳಿಸದ್ದರಿಂದ ಕೂಗಿಯೇ ಮಾತಾಡುತ್ತಾಳೆ. ಅವಳು ಕಿಟಕಿಯ ಹತ್ತಿರ ನಿಂತರೆ ಔಷಧಿ ಕೌಂಟರಿನವರೆಗೂ ಸುದ್ದಿ.

“ನಂದು ಹೋಯ್ತಾ?”

ಚೀಟಿಯಲ್ಲಿ ಬರೆದು ತೋರಿಸಿದೆ: ‘ಇಲ್ಲ. ಮೆಷಿನ್ ಕೆಲಸ ಮಾಡ್ತಿಲ್ಲ.’

ಓದಿದಳು. ಚೀಟಿ ಮಡಿಸಿ ವಾಪಸು ಕೊಟ್ಟಳು. “ಸೇರ್ಕೊಂಡಾಗ ಪಕ್ಕದ ಮನೇಲಿ ತೊಟ್ಟಿಲು ತೂಗೋದೂ ಕೇಳಿಸ್ತಿತ್ತು ನನಗೆ. ಈಗ ಡಾಕ್ಟ್ರು ಅಂತಾರೆ, ಹುಟ್ಟಾ ಕಿವುಡು ಇರಬೇಕು ಅಂತ! ಹುಟ್ಟಾ ಅಂತೆ! ಅವತ್ತು ಟೆಸ್ಟ್ ಮಾಡಿ ಬರ್ಕೊಂಡಿದ್ರಲ್ಲ, ತೋರಿಸಿ ಅವರಿಗೆ. ಬರ್ಕೊಂಡೋರು ನೀವೇ. ಎರಡು ಜಡೆ ಹಾಕ್ಕೊಂಡಿದ್ರಿ.”

ಹೌದು. ಇಪ್ಪತ್ತೆರಡು ವರ್ಷದ ಹಿಂದೆ ಕಿವಿ ಟೆಸ್ಟಿನ ಕೋಣೆಯಲ್ಲಿ ಬರೆದುಕೊಳ್ಳುವ ಕೆಲಸ ನನ್ನದೇ. ಆ ವರದಿಗಳಲ್ಲಿ ಅರ್ಧಕ್ಕರ್ಧ ನನ್ನ ಅಕ್ಷರ. ಅವನ್ನು ಕತ್ತರಿಸುವ ಗಾಡಿಗೆ ನನ್ನ ಕೈಯಾರೆ ಹಾಕಬೇಕಂತೆ. ಹಾಕುತ್ತೇನೆ, ಕಾಯುತ್ತಿರಲಿ.

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅತ್ತೆ, ಇಬ್ಬರೇ. ಎಂಬತ್ತೊಂದು ವರ್ಷ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸಿದವರು. ಟಿವಿ ಆರಿಸಿ ಕೇಳಿದರು. ಟಿವಿ ಆರಿಸಿದರೆಂದರೆ ವಿಷಯ ಗಂಭೀರ ಎಂದು ಅರ್ಥ.

“ಎರಡೂ ತುದಿಯವರು ನಮ್ಮದು ಸರಿ ಅಂದ್ರಾ? ಅವರು ಯಾವತ್ತೂ ಹಾಗೇ ಅನ್ನೋದು. ನೀನು ಯಾರ ಮಾತೂ ಕೇಳ್ಬೇಡ. ಈ ತುದಿಯಿಂದ ಹೊರಡು. ಮೊದಲು, ಯಾವ ನಂಬರಿಗೆ ಹಚ್ತಿದೆ ಅಂತ ನೋಡು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಬದಲಾಯಿಸಿದ್ದನ್ನ ಬರೆದಿಡು.”

“ನನಗೆ ಕಂಪ್ಯೂಟರ್ ಗೊತ್ತಿಲ್ಲ ಅತ್ತೆ.”

“ನನಗೆ ಟೆಲಿಫೋನ್ ಗೊತ್ತಿತ್ತಾ? ಮೊದಲ ದಿನ ಒಬ್ಬರ ಹೆಂಡತಿಗೆ ಇನ್ನೊಬ್ಬರ ಗಂಡನ್ನ ಜೋಡಿಸಿದ್ದೆ.”

ಮಾರ್ಚ್ 6, ಗುರುವಾರ

ಅತ್ತೆ ಹೇಳಿದ್ದು ಅಕ್ಷರಶಃ ನಿಜ.

ಕಾಪಿಯರ್‌ನ ಅಡ್ರೆಸ್ ಬುಕ್ಕಿನಲ್ಲಿ ‘ದಾಖಲೆ ಕೊಠಡಿ’ ಎಂಬುದರ ಕೆಳಗೆ ಒಂದು ಅಂಕಿಗಳ ಸಾಲು. ಕೊನೆಯಲ್ಲಿ 23. ನನ್ನ ಹೊಸ ಕಂಪ್ಯೂಟರಿನ ಅಂಕಿ ಹುಡುಕಲು ಅರ್ಧ ಗಂಟೆ. ಕೊನೆಯಲ್ಲಿ 117. ನಾಲ್ಕು ದಿನದಿಂದ ಈ ಯಂತ್ರ, ಗೋಡೌನಿಗೆ ಹೋದ ಹಳೆಯ ಕಂಪ್ಯೂಟರನ್ನು ಕರೆಯುತ್ತಾ ನಿಂತಿದೆ! ಪಾಪ ಅನ್ನಿಸಿತು.

ಬದಲಾಯಿಸಲು ಪಾಸ್‌ವರ್ಡ್ ಬೇಕೇನೋ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಅಡ್ರೆಸ್ ಬುಕ್‌ಗೆ ಏನೂ ಬೇಡ ಮೇಡಂ, ಯಾರು ಬೇಕಾದ್ರೂ ತಿದ್ದಬಹುದು. ನಾನು ಹೇಳ್ದೆ ಅನ್ಬೇಡಿ.”

ತಿದ್ದಿದೆ. ಗುಂಡಿ ಒತ್ತಿದೆ. ಒಂದು ನಿಮಿಷ… ‘ಸಂಪರ್ಕ ವಿಫಲ’.

ಆದರೂ ಒಂದು ತಪ್ಪು ಸಿಕ್ಕಿತಲ್ಲ. ಇನ್ನೆಷ್ಟಿವೆ ನೋಡೇ ಬಿಡೋಣ.

ಮಾರ್ಚ್ 10, ಸೋಮವಾರ

ನನ್ನ ಕಂಪ್ಯೂಟರಿನ ನಂಬರು ರಜೆಯಲ್ಲಿ ತಾನೇ ಬದಲಾಗಿದೆ. 117 ಇದ್ದದ್ದು ಈಗ 131. ಯಾರೂ ಮುಟ್ಟಿಲ್ಲ. ಖಾಯಂ ನಂಬರು ಕೊಡದಿದ್ದರೆ ಹಾಗೇ ಆಗುತ್ತದೆ ಎಂದ ಮೆಕ್ಯಾನಿಕ್, ಫೋನಿನಲ್ಲಿ.

ಜೊತೆಗೆ ಇನ್ನೆರಡು ಕೆಲಸ — ಸ್ಕ್ಯಾನ್ ಬಂದು ಬೀಳಲು ಒಂದು ಹಂಚಿದ ಫೋಲ್ಡರ್ ಬೇಕು, ಕಂಪ್ಯೂಟರಿನ ಕಾವಲು ತಂತ್ರಾಂಶ ಕಾಪಿಯರನ್ನು ಒಳಗೆ ಬಿಡಬೇಕು. ಹಳೆಯದರಲ್ಲಿ ಯಾರೋ ಮಾಡಿಟ್ಟಿದ್ದರು. ಹೊಸದರಲ್ಲಿ ನಾನು ಮಾಡಹೋದರೆ ‘ನಿಮಗೆ ಅಧಿಕಾರವಿಲ್ಲ’ ಎನ್ನುತ್ತದೆ. ಅಧಿಕಾರ ಇರುವುದು ಟಿಕೆಟ್ ಸಾಹೇಬನಿಗೆ. ಅವನು ಫೋನ್ ಎತ್ತುತ್ತಿಲ್ಲ.

ಏಳನೇ ಟಿಕೆಟ್ ಹಾಕಿದೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕುರ್ಚಿ ಎತ್ತಿಕೊಂಡು ಹೊರಟೆ. ಎರಡು ಕಾರಿಡಾರು, ಒಂದು ಮಹಡಿ. ಜನ ನೋಡುತ್ತಿದ್ದರು. ನೋಡಲಿ. ಕಂಪ್ಯೂಟರ್ ವಿಭಾಗದ ಬಾಗಿಲಿಗೆ ಅಡ್ಡ ಹಾಕಿ ಕೂತೆ.

“ಮೇಡಂ, ಇದೇನಿದು?”

“ಎಂಟನೇ ಟಿಕೆಟ್. ಇದನ್ನ ಕೈಯಲ್ಲೇ ತಂದಿದೀನಿ.”

“ಕ್ಯೂನಲ್ಲಿದೆ ನಿಮ್ದು…”

“ನಾನೂ ಕ್ಯೂನಲ್ಲೇ ಕೂತಿದೀನಿ. ನೀವು ಕೆಲಸ ಮಾಡ್ಕೊಳ್ಳಿ.”

ಹತ್ತೂವರೆಗೆ ಅವನಿಗೆ ಚಹಾಕ್ಕೆ ಹೋಗಬೇಕಿತ್ತು. ನಾನು ಕದಲಲಿಲ್ಲ. ಹನ್ನೊಂದಕ್ಕೆ ಅವನು ಬೇರೆ ಯಾವುದಕ್ಕೋ ಹೋಗಬೇಕಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಗಲೂ ಕದಲಲಿಲ್ಲ.

ಹನ್ನೊಂದೂ ಕಾಲಿಗೆ ದನಿ ಇಳಿಸಿ ಹೇಳಿದ — “ಮೇಡಂ, ನಿಮ್ಮ ಟಿಕೆಟ್ ಪಕ್ಕಕ್ಕಿಡು ಅಂದಿದಾರೆ.”

“ಯಾರು?”

ಕಣ್ಣಲ್ಲೇ ಮೇಲಿನ ಮಹಡಿ ತೋರಿಸಿದ.

“ಬರೆದು ಕೊಟ್ಟಿದಾರಾ?”

“ಇಲ್ಲ… ಬಾಯಲ್ಲಿ.”

“ನಾನು ಏಳು ಸಲ ಬರೆದು ಕೊಟ್ಟಿದೀನಿ. ಬಾಯಲ್ಲಿ ಹೇಳಿದ್ದನ್ನ ನಾಳೆ ಅವರು ಹೇಳೇ ಇಲ್ಲ ಅಂತಾರೆ. ಟಿಕೆಟಲ್ಲಿ ನಿಮ್ಮ ಹೆಸರಿರುತ್ತೆ.”

ಪರದೆಯಲ್ಲಿ ನನ್ನ ಟಿಕೆಟ್‌ಗಳ ಪಟ್ಟಿ ತೆರೆದು ನೋಡಿದ. ಆಮೇಲೆ ಎದ್ದ. “ಕುರ್ಚಿ ನಾನು ತರ್ತೀನಿ, ಬಿಡಿ.” ನನ್ನ ಕುರ್ಚಿ ಹೊತ್ತುಕೊಂಡೇ ದಾಖಲೆ ಕೊಠಡಿಗೆ ಬಂದ. ಖಾಯಂ ನಂಬರು, ಫೋಲ್ಡರು, ಕಾವಲಿನ ಅನುಮತಿ — ಇಪ್ಪತ್ತು ನಿಮಿಷ. ಎಂಟು ದಿನ ಕಾಯಿಸಿದ್ದು ಇಪ್ಪತ್ತು ನಿಮಿಷದ ಕೆಲಸಕ್ಕೆ!

ಗುಂಡಿ ಒತ್ತಿದೆವು. ಬೀಪ್. ‘ಸಂಪರ್ಕ ವಿಫಲ’.

ಅವನ ಮುಖ ನನ್ನ ಮುಖಕ್ಕಿಂತ ಬಾಡಿತು. “ನನ್ನ ಕಡೆ ಎಲ್ಲಾ ಸರಿ ಇದೆ ಮೇಡಂ, ಆಣೆ.” ನಂಬಿದೆ.

ಸಂಜೆ — ಅತ್ತೆಗೆ ವರದಿ ಒಪ್ಪಿಸಿದೆ.

“ಎಷ್ಟು ಹೊತ್ತಿಗೆ ಬೀಪ್ ಬಂತು?”

“ಎರಡೇ ಸೆಕೆಂಡಿಗೆ.”

“ಮುಂಚೆ?”

“ಒಂದು ನಿಮಿಷ.”

ಅತ್ತೆ ತೊಡೆ ತಟ್ಟಿದರು. “ಎತ್ತಿದಾರೆ ಕಣೇ! ಮುಂಚೆ ಯಾರೂ ಇಲ್ಲದ ಮನೇಲಿ ಗಂಟೆ ಹೊಡ್ಕೊಳ್ತಿತ್ತು. ಈಗ ಯಾರೋ ಎತ್ತಿ, ಬೇಡ ಅಂತ ಇಟ್ಟಿದಾರೆ. ಯಾಕೆ ಬೇಡ ಅಂದ್ರು, ಅದನ್ನ ಕಂಡುಹಿಡಿ.”

ಮಾರ್ಚ್ 12, ಬುಧವಾರ

ಮೆಕ್ಯಾನಿಕ್‌ಗೆ ‘ಎರಡು ಸೆಕೆಂಡು’ ಎಂದ ಕೂಡಲೇ ಅವನಿಗೆ ಹೊಳೆಯಿತು. “ಓಹ್… ನಿಮ್ಮ ಮೆಷಿನ್ ಮಾತಾಡೋದು ಹಳೇ ಭಾಷೆ ಮೇಡಂ. ಆ ಭಾಷೇಲಿ ಮಾತಾಡಿದ್ರೆ ಹೊಸ ಕಂಪ್ಯೂಟರ್ ಬಾಗಿಲೇ ತೆಗೆಯಲ್ಲ. ವೈರಸ್‌ಗಳು ಅದೇ ದಾರೀಲಿ ನುಗ್ತವೆ.”

“ಕಂಪ್ಯೂಟರಿಗೆ ತೆಗಿ ಅಂತ ಹೇಳಿದ್ರೆ?”

“ಬೇಡ. ಆಸ್ಪತ್ರೆಯ ಎಲ್ಲಾ ದಾಖಲೆಗೂ ಅಪಾಯ. ಮೆಷಿನ್‌ಗೇ ಹೊಸ ಭಾಷೆ ಕಲಿಸ್ಬೇಕು. ಅದಕ್ಕೆ ಅಪ್‌ಡೇಟ್ ಇದೆ. ಆದ್ರೆ ನಿಮ್ಮ ಕಡೆಯಿಂದ ಬರೆದು ಕೇಳ್ಬೇಕು, ಸಹಿ ಬೇಕು.”

ಪತ್ರ ಟೈಪ್ ಮಾಡಿ ಮೇಲೆ ಒಯ್ದೆ. ಆಡಳಿತಾಧಿಕಾರಿ ಓದಿದರು. ಈ ಸಲ ಕೂರಲು ಹೇಳಲಿಲ್ಲ.

“ಇನ್ನು ಮೂರು ವಾರಕ್ಕೆ ಕಟ್ಟಡ ಬದಲಾಗುತ್ತೆ. ಹಳೇ ಮೆಷಿನ್‌ಗೆ ಅಪ್‌ಡೇಟ್ ಯಾಕಮ್ಮ?”

“ಆ ಮೂರು ವಾರಕ್ಕೇ ಸರ್.”

“ನೀವು ಯಾರ ಕಡೆ ಕೆಲಸ ಮಾಡ್ತಿದೀರಿ?”

“ದಾಖಲೆ ಕೊಠಡೀಲಿ ಸರ್.”

ಪತ್ರವನ್ನು ಮೇಜಿನ ಈಚೆಗೆ ತಳ್ಳಿದರು. ಸಹಿ ಇಲ್ಲ.

ಮಾರ್ಚ್ 13, ಗುರುವಾರ

ಕಾಪಿಯರ್‌ನ ನಿರ್ವಹಣಾ ಒಪ್ಪಂದ ನನ್ನ ಕೊಠಡಿಯಲ್ಲೇ ಇದೆ. ಇಲ್ಲದೆ ಎಲ್ಲಿಗೆ ಹೋಗುತ್ತೆ. ಹದಿನಾಲ್ಕು ಪುಟ. ಕೂತು ಓದಿದೆ. ಒಂಬತ್ತನೇ ಪುಟದಲ್ಲಿ: ಅಪ್‌ಡೇಟ್ ಒಪ್ಪಂದದೊಳಗೇ ಸೇರಿದೆ, ‘ಯಂತ್ರದ ಉಸ್ತುವಾರಿ ಹೊತ್ತವರು’ ಲಿಖಿತವಾಗಿ ಕೇಳಿದರೆ ಮೂರು ದಿನದೊಳಗೆ ಮಾಡಿಕೊಡಬೇಕು.

ಉಸ್ತುವಾರಿ ಯಾರು? ಕಾಪಿಯರ್‌ಗೆ ಹಾಕುವ ಶಾಯಿಪುಡಿಯ ಲೆಕ್ಕದ ಟೋನರ್ ಪುಸ್ತಕ ತೆಗೆದೆ. ಒಂಬತ್ತು ವರ್ಷ. ಟೋನರ್ ಬಂದಾಗ, ಹಾಳೆ ಸಿಕ್ಕಿಕೊಂಡಾಗ, ಯಾರೋ ಅದರ ಮೇಲೆ ಚಹಾ ಚೆಲ್ಲಿದಾಗ — ಪ್ರತಿ ಸಾಲಿನ ಮುಂದೆ ‘ಉಸ್ತುವಾರಿ’ ಎಂಬ ಕಾಲಮ್ಮಿನಲ್ಲಿ ನನ್ನ ಸಹಿ. ಬೇರೆ ಯಾರದೂ ಒಂದೂ ಇಲ್ಲ. ಕೆಲಸ ತಪ್ಪಿಸಿಕೊಳ್ಳಲು ಎಲ್ಲರೂ ನನ್ನ ತಲೆಗೆ ಕಟ್ಟಿದ್ದು. ಒಳ್ಳೆಯದೇ ಮಾಡಿದರು.

ನಾನೇ ಸಹಿ ಹಾಕಿದೆ. ಪುಸ್ತಕದ ನಕಲು ಲಗತ್ತಿಸಿದೆ. ನಕಲು ತೆಗೆದದ್ದು ಅದೇ ಯಂತ್ರದಲ್ಲಿ. ಅದಕ್ಕೇನೂ ತೊಂದರೆ ಇಲ್ಲ.

ಮಾರ್ಚ್ 17, ಸೋಮವಾರ

ಆಯಿತು.

ಆಯಿತು, ಆಯಿತು, ಆಯಿತು.

ಮೆಕ್ಯಾನಿಕ್ ಎಂಟಕ್ಕೇ ಬಂದ. ನಲವತ್ತು ನಿಮಿಷ ಪರದೆ ಕಪ್ಪಗೆ. ‘ಆಫ್ ಮಾಡಬೇಡಿ’ ಎಂಬ ಒಂದೇ ಸಾಲು. ಪ್ಲಗ್ಗಿನ ಪಕ್ಕ ನಿಂತು ಕಾದೆ. ಯಾರಾದರೂ ಫ್ಯಾನ್ ಹಾಕಲು ಬಂದು ತಪ್ಪು ಸ್ವಿಚ್ ಒತ್ತಿಬಿಟ್ಟರೆ? ಆಮೇಲೆ ಎದ್ದಿತು. ಗುಂಡಿ ಒತ್ತಿದೆ. ಬೀಪ್ — ‘ಲಾಗಿನ್ ವಿಫಲ’.

ನಾನು ಚಪ್ಪಾಳೆ ತಟ್ಟಿದೆ. ಮೆಕ್ಯಾನಿಕ್ ನನ್ನನ್ನು ವಿಚಿತ್ರವಾಗಿ ನೋಡಿದ. ಅವನಿಗೇನು ಗೊತ್ತು! ಹದಿನಾಲ್ಕು ದಿನದಲ್ಲಿ ಮೊದಲ ಹೊಸ ಬೈಗುಳ ಅದು.

ಟಿಕೆಟ್ ಸಾಹೇಬ ತಾನಾಗಿಯೇ ಇಳಿದು ಬಂದ. ಟಿಕೆಟ್ ಕೇಳಲಿಲ್ಲ. “ಯಾವ ಪಾಸ್‌ವರ್ಡ್ ಹಾಕಿದ್ರಿ?” ದಿನಾ ಬೆಳಿಗ್ಗೆ ಒತ್ತುವ ನಾಲ್ಕು ಅಂಕಿ ಎಂದೆ. “ಅದು ಪಿನ್ ಮೇಡಂ. ಆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ. ಕಾಪಿಯರ್‌ಗೆ ನಿಜವಾದ ಪಾಸ್‌ವರ್ಡ್ ಬೇಕು.” ಸ್ಕ್ಯಾನಿಗೆಂದೇ ಒಂದು ಬೇರೆ ಖಾತೆ ಮಾಡಿ, ಅದರ ಪಾಸ್‌ವರ್ಡ್ ಒಂದೊಂದೇ ಅಕ್ಷರ ಹೇಳಿದ. ಒಂದೊಂದೇ ಒತ್ತಿದೆ.

ಒಂಬತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ಅರವತ್ತನಾಲ್ಕನೇ ಫೈಲು ನನ್ನ ಪರದೆಯ ಮೇಲೆ.

ಮೂವರೂ ಪರದೆಗೆ ಮುಖ ಹಚ್ಚಿ ಪುಟ ಪುಟ ನೋಡಿದೆವು. ಆಮೇಲೆ ಟಿಕೆಟ್ ಸಾಹೇಬ ಅಂದ, “ಇನ್ನೆಷ್ಟಿದೆ?”

“ಮುನ್ನೂರ ನಲವತ್ತೆಂಟು.”

“ಪಿನ್ನು ಕೀಳೋದು ನಂಗೆ ಕೊಡಿ.”

ಮಾರ್ಚ್ 19, ಬುಧವಾರ

ಮೆಮೊ ಬಂತು. ‘ಅನುಮತಿಯಿಲ್ಲದೆ ಯಂತ್ರದ ವ್ಯವಸ್ಥೆಯನ್ನು ಬದಲಾಯಿಸಿದ ಬಗ್ಗೆ ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು.’

ವಿವರಣೆ ಬರೆದೆ. ಮೊದಲು ಎರಡು ಪುಟ ಆಯಿತು. ಹರಿದೆ. ಒಂದು ಪುಟ. ಅದನ್ನೂ ಹರಿದೆ. ಕೊನೆಗೆ ಕೊಟ್ಟದ್ದು:

‘ಸ್ಕ್ಯಾನ್ ಆಗುತ್ತಿರಲಿಲ್ಲ. ಆಗುವಂತೆ ಮಾಡಿದ್ದೇನೆ. ಒಪ್ಪಂದದ ಒಂಬತ್ತನೇ ಪುಟ ಲಗತ್ತಿಸಿದೆ.’

ಹಗುರಾಯಿತು. ಇವತ್ತು ನಲವತ್ತೊಂದು ಫೈಲು.

ಮಾರ್ಚ್ 24, ಸೋಮವಾರ

ಬರೆಯಲು ಹೊತ್ತಿಲ್ಲ. ಇನ್ನೂರ ಇಪ್ಪತ್ತು ದಾಟಿತು. ಬೆರಳ ತುದಿಯೆಲ್ಲ ಪಿನ್ನಿನ ಗೀರು.

ಮಾರ್ಚ್ 27, ಗುರುವಾರ

ಎರಡನೇ ಮೆಮೊ. ಒಂದನೇ ತಾರೀಖಿನಿಂದ ನನಗೆ ಹೊರರೋಗಿಗಳ ಚೀಟಿ ಕೌಂಟರು. ಹತ್ತೊಂಬತ್ತು ವರ್ಷದ ಕಿರಿಯರು ಕೂರುವ ಜಾಗ. ಓದಿ, ದಿನಾಂಕ ಹಾಕಿ, ಫೈಲಿಗೆ ಸೇರಿಸಿದೆ. ದಾಖಲೆ ದಾಖಲೆಯೇ.

ಮಧ್ಯಾಹ್ನ ಜೋರುದನಿಯಕ್ಕನ ಫೈಲು ಕೈಗೆ ಬಂತು. ಶಿಫ್ಟ್ ಮುಗಿಸಿ ಬರುವ ಹೊತ್ತು ಗೊತ್ತಿತ್ತು, ತೆಗೆದಿಟ್ಟು ಕಾದೆ. ಬಂದಳು. ಕಾಪಿಯರ್ ಹತ್ತಿರ ಕರೆದುಕೊಂಡು ಹೋಗಿ ಗುಂಡಿ ಅವಳ ಕೈಯಲ್ಲೇ ಒತ್ತಿಸಿದೆ. ಬೀಪ್ ಆಯಿತು. ಅವಳಿಗೆ ಕೇಳಿಸಲಿಲ್ಲ. ಭುಜ ಹಿಡಿದು ಒಳಗೆ ಕರೆತಂದು ಪರದೆ ತೋರಿಸಿದೆ.

ನನ್ನ ಹಳೆಯ ಅಕ್ಷರ. ದುಂಡಗೆ, ಎಷ್ಟು ಜಾಗರೂಕತೆ! ‘ವಯಸ್ಸು ಹತ್ತೊಂಬತ್ತು. ಬಲಗಿವಿ ಸಹಜ. ಎಡಗಿವಿ ಸಹಜ.’

ಬೆರಳಿಟ್ಟು ಓದಿದಳು. ಎರಡು ಸಲ. ಕೂಗಲಿಲ್ಲ. ನಾನು ಅವಳನ್ನು ಕಂಡಾಗಿನಿಂದ ಮೊದಲ ಸಲ ಪಿಸುಗುಟ್ಟಿದಳು — “ಸಹಜ.”

ಆಮೇಲೆ ಕಾರಿಡಾರು ಅದುರುವ ಹಾಗೆ — “ಹುಟ್ಟಾ ಅಂದನಲ್ಲ, ಎಲ್ಲಿ ಆ ಡಾಕ್ಟ್ರು?”

ಮಾರ್ಚ್ 31, ಸೋಮವಾರ, ಮಧ್ಯಾಹ್ನ 2.15

ಇನ್ನು ಹದಿನೆಂಟು. ಕತ್ತರಿಸುವ ಗಾಡಿ ಒಂದು ದಿನ ಮೊದಲೇ ಬಂದು ಹಿಂಬಾಗಿಲಲ್ಲಿ ನಿಂತಿದೆ. ಕಾಪಿಯರನ್ನೂ ಇವತ್ತೇ ಬಿಚ್ಚಿ ಸಾಗಿಸಬೇಕೆಂದು ಮೇಲಿನಿಂದ ಆಜ್ಞೆ. ಇಬ್ಬರು ಕೂಲಿಯವರು ಹಗ್ಗ ಹಿಡಿದು ನಿಂತಿದ್ದಾರೆ. ಐದಕ್ಕೆ ಬನ್ನಿ ಎಂದೆ. ಸಾಹೇಬರು ಈಗಲೇ ಅಂದ್ರು ಎನ್ನುತ್ತಾರೆ. ಟಿಕೆಟ್ ಸಾಹೇಬ ಅವರನ್ನು ಚಹಾಕ್ಕೆ ಕರೆದುಕೊಂಡು ಹೋಗಿದ್ದಾನೆ. ಚಹಾ ಎಷ್ಟು ಹೊತ್ತು ಕುಡಿಯಬಹುದು?

3.40

ಇನ್ನು ಒಂಬತ್ತು. ಕೈ ಓಡುತ್ತಿಲ್ಲ. ಜೋರುದನಿಯಕ್ಕ ಬಂದಳು. ಒಬ್ಬಳೇ ಅಲ್ಲ. ಮೊದಲನೇ ಶಿಫ್ಟಿನ ಮೂವತ್ತು ನಲವತ್ತು ಮಂದಿ. ನಾನು ಕರೆದಿರಲಿಲ್ಲ. ಕಾಪಿಯರ್‌ನ ಸುತ್ತ, ಪ್ಲಗ್ಗಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತುಬಿಟ್ಟರು. ನನಗೆ ಮಾತ್ರ ದಾರಿ.

4.20

ಇನ್ನು ನಾಲ್ಕು. ಆಡಳಿತಾಧಿಕಾರಿ ತಾವೇ ಇಳಿದು ಬಂದರು.

“ಏಳಿ ಎಲ್ಲರೂ. ಜಾಗ ಬಿಡಿ. ಮೆಷಿನ್ ಸಾಗಿಸ್ಬೇಕು.”

ಯಾರೂ ಏಳಲಿಲ್ಲ. ಇನ್ನೂ ಜೋರಾಗಿ ಹೇಳಿದರು. ಎಲ್ಲರೂ ಅವರ ಮುಖವನ್ನೇ ವಿನಯದಿಂದ ನೋಡುತ್ತಿದ್ದರು. ಮೂರನೇ ಸಲ ಕಿರುಚಿದರು. ಕತ್ತಿನ ನರ ಉಬ್ಬಿತು.

ಜೋರುದನಿಯಕ್ಕ ಕಿವಿಯ ಹಿಂದೆ ಕೈ ಇಟ್ಟುಕೊಂಡಳು. “ಕೇಳಿಸಲ್ಲ ಸರ್! ನಿಮ್ಮ ಗಿರಣೀದೇ ಕೃಪೆ!”

ನಾನು ಅವರ ಪಕ್ಕದಿಂದಲೇ ದಾಟಿಕೊಂಡು ಹೋಗಿ ಹಾಳೆ ಇಟ್ಟೆ. ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಗುಂಡಿ ಒತ್ತಿದೆ.

4.51

ನಾನೂರ ಹನ್ನೆರಡು. ಸಮಿತಿಯಿಂದ ರಸೀದಿ ಬಂತು — ಎಲ್ಲ ತಲುಪಿವೆ. ಅಚ್ಚು ಹಾಕಿಸಿ ಇಟ್ಟುಕೊಂಡೆ, ಮೂರು ಪ್ರತಿ.

ಸಮಿತಿ ಏನು ಹೇಳುತ್ತದೋ ಗೊತ್ತಿಲ್ಲ. ಆದರೆ ಕಾಗದ ಇರಲಿಲ್ಲ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ. ನಾಳೆ ಕೌಂಟರಿಗೆ ಹೋಗುತ್ತೇನೆ. ಚೀಟಿ ಬರೆಯುವುದೂ ಬರೆಯುವುದೇ. ಮೂರನೇ ಮೆಮೊ ಕೊಟ್ಟರೆ ಅದಕ್ಕೂ ಜಾಗವಿದೆ, ಫೈಲು ದಪ್ಪಗಾಗಲಿ.

ಹೊರಗೆ ಜೋರುದನಿಯಕ್ಕ ಕೂಗುತ್ತಿದ್ದಾಳೆ — “ಅಲ್ಲೇನು ಬರೀತಾ ಕೂತಿದೀರಿ? ಎಲ್ಲಾ ಕಾಯ್ತಿದಾರೆ, ಬನ್ನಿ!” ಬಂದೆ ಎಂದೆ. ಕೇಳಿಸಲಿಲ್ಲ. ಮತ್ತೆ ಕೂಗುತ್ತಿದ್ದಾಳೆ. ಎದ್ದು ಹೋಗಿ ಮುಖ ತೋರಿಸದೆ ವಿಧಿಯಿಲ್ಲ, ಉಳಿದದ್ದು ಮನೆಗೆ ಹೋದ ಮೇಲೆ ಬರೆ—